ಸಂಪಾಜೆ ಘಾಟಿ ಇಳಿದಾಗ ಕಾರಿಂದ ಸುಟ್ಟ ವಾಸನೆ: ಕ್ಲಚ್ ಪ್ಲೇಟ್ ಬದಲಿಸಲೇಬೇಕಾ?

ಕಾಫಿಹೂ, ಮೂರ್ನಾಡು:

ಎಲ್ಲರಿಗೂ ನಮಸ್ಕಾರ. ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, 2014ರ ಮಾಡೆಲ್, ಓಡಿರೋದು 71,000 ಕಿ.ಮೀ. ಅಮ್ಮನ ಕಣ್ಣಿನ ಚಿಕಿತ್ಸೆ ಮಂಗಳೂರಲ್ಲಿ ನಡೀತಾ ಇರೋದ್ರಿಂದ ಮಡಿಕೇರಿಯಿಂದ ಸುಳ್ಯದ ಕಡೆಗಿರೋ ಸಂಪಾಜೆ ಘಾಟಿ ಇಳಿದು ಹತ್ತೋದು ನನಗೆ ತಪ್ಪಿದ್ದಲ್ಲ. ಗಾಡಿ ಓಡಿಸೋದು ನಾನೇ.

ಈ ಸಲ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಡಲೇ ಇಲ್ಲ, ಗಾಡಿ ಹೆಚ್ಚುಕಮ್ಮಿ ಶೆಡ್ಡಲ್ಲೇ ನಿಂತಿತ್ತು. ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಅಮ್ಮನನ್ನ ಕರ್ಕೊಂಡು ಮಂಗಳೂರಿಗೆ ಹೊರಟೆ. ಮದೆನಾಡು ದಾಟಿ ಜೋಡುಪಾಲದ ತಿರುವುಗಳು ಬರೋಷ್ಟರಲ್ಲಿ ಏನೋ ಸುಟ್ಟ ವಾಸನೆ ಶುರುವಾಯ್ತು. ಮುಂದೆ ಹೋಗ್ತಿದ್ದ ಲಾರಿಯದ್ದಿರಬಹುದು ಅಂತ ಅಮ್ಮ ಹೇಳಿದ್ರು. ಲಾರಿ ಬಿಟ್ಟು ಮುಂದೆ ಬಂದ ಮೇಲೂ ವಾಸನೆ ಹೋಗಲಿಲ್ಲ. ಸಂಪಾಜೆಯಲ್ಲಿ ನಿಲ್ಲಿಸಿ ಇಳಿದು ನೋಡಿದರೆ ಗಾಡಿಯ ಎಡಗಡೆ ಘಾಟು ಜಾಸ್ತಿ, ಬಲಗಡೆ ಅಷ್ಟಿಲ್ಲ. ಹೊಗೆ ಕಾಣಲಿಲ್ಲ. ಟೆಂಪರೇಚರ್ ಮುಳ್ಳು ಯಾವಾಗಿನ ಜಾಗದಲ್ಲೇ ಇತ್ತು. ಟೀ ಕುಡಿದು ಸ್ವಲ್ಪ ಹೊತ್ತು ಬಿಟ್ಟು ಹೊರಟಾಗ ವಾಸನೆ ಹೋಗಿತ್ತು. ಆದರೆ ಸುಳ್ಯ ದಾಟಿ ಸಮ ರಸ್ತೆಗೆ ಬಂದ ಮೇಲೂ ಆಗಾಗ ಸ್ವಲ್ಪ ಸ್ವಲ್ಪ ಬರ್ತಾನೇ ಇತ್ತು.

ವಾಪಸ್ ಬಂದು ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ತೆಗೆದು ನೋಡಿ, ಒಂದು ಸುತ್ತು ಓಡಿಸಿ, "ಮೇಡಂ, ಕ್ಲಚ್ ಪ್ಲೇಟ್ ಸುಟ್ಟಿದೆ, ಫುಲ್ ಸೆಟ್ ಹಾಕಬೇಕು, 11,000 ಆಗುತ್ತೆ" ಅಂದ್ರು. ಗೇರ್ ಸಲೀಸಾಗಿ ಬೀಳುತ್ತೆ, ಹತ್ತುವಾಗ ಎಳೆಯೋದ್ರಲ್ಲಿ ಏನೂ ಕಮ್ಮಿಯಾಗಿಲ್ಲ. ಅದಕ್ಕೇ ನನಗೆ ಅನುಮಾನ. ಇನ್ನೊಂದು ವಿಷಯ, ಮಂಜಿಗೋಸ್ಕರ ಹೋದ ವರ್ಷ ಹಳದಿ ಫಾಗ್ ಲ್ಯಾಂಪ್ ಹೊರಗಡೆ ಅಂಗಡಿಯಲ್ಲಿ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಗೊತ್ತಾಗ್ತಿಲ್ಲ.

ಅಮ್ಮನನ್ನ ಕೂರಿಸ್ಕೊಂಡು ಮತ್ತೆ ಘಾಟಿ ಇಳಿಯೋಕೆ ಮುಂಚೆ ಇದು ಏನು ಅಂತ ನನಗೆ ಖಚಿತ ಆಗಬೇಕು. ತಿಳಿದವರು ದಯವಿಟ್ಟು ಹೇಳಿ.


ಮಾಂದಲ್‌ಪಟ್ಟಿ ಜೀಪ್:

ಅಕ್ಕ, ನಾನು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಟೂರಿಸ್ಟ್ ಜೀಪ್ ಓಡಿಸೋನು. ಕ್ಲಚ್ ಸುಟ್ಟ ವಾಸನೆ ನಮಗೆ ದಿನಾ ಪರಿಚಯ. ಆ ಏರಲ್ಲಿ ಹೊಸ ಡ್ರೈವರ್ ಹಾಫ್ ಕ್ಲಚ್ಚಲ್ಲಿ ನಿಂತು ನಿಂತು ಹೋದ್ರೆ ಹಿಂದಿನ ಜೀಪಿನವರಿಗೂ ವಾಸನೆ ಬಡಿಯುತ್ತೆ. ಆದ್ರೆ ಅದು ಹತ್ತುವಾಗ. ನಿಮಗೆ ಬಂದಿರೋದು ಇಳಿಯುವಾಗ. ಇಳಿಜಾರಲ್ಲಿ ಕ್ಲಚ್ಚಿಗೆ ಏನು ಕೆಲಸ?

ನೀವು ಯಾವ ಗೇರಲ್ಲಿ ಇಳಿಸಿದ್ರಿ? ನ್ಯೂಟ್ರಲ್ ಹಾಕಿದ್ರಾ? ಪೆಟ್ರೋಲ್ ಉಳಿಯುತ್ತೆ ಅಂತ ಮಡಿಕೇರಿಯಿಂದ ಕೊಯನಾಡಿನವರೆಗೂ ನ್ಯೂಟ್ರಲ್ಲಲ್ಲಿ ಬಿಡೋರನ್ನ ನಾನು ನೋಡಿದ್ದೀನಿ. ಹಾಗೆ ಬಂದ್ರೆ ಯಾವ ಗಾಡಿ ಬ್ರೇಕ್ ಆದ್ರೂ ವಾಸನೆ ಬರುತ್ತೆ, ಕೆಟ್ಟಿರಬೇಕು ಅಂತಿಲ್ಲ.


ಕಾಫಿಹೂ, ಮೂರ್ನಾಡು:

ಇಲ್ಲ ತಮ್ಮ, ನ್ಯೂಟ್ರಲ್ ಹಾಕಿಲ್ಲ. ಅಪ್ಪ ಕಲಿಸಿದ್ದೇ ಹಾಗೆ, ಹತ್ತೋ ಗೇರಲ್ಲೇ ಇಳಿಯಬೇಕು ಅಂತ. ಎರಡನೇ ಗೇರು, ಅಗಲ ಇರೋ ಕಡೆ ಮೂರನೇದು. ಬ್ರೇಕ್ ತಿರುವಲ್ಲಿ ಮಾತ್ರ ಒತ್ತಿದ್ದು.


ಹಳೇ ಪಾನ, ಗೋಣಿಕೊಪ್ಪ:

ತಂಗಿ, ಕ್ಲಚ್ಚಿಗೆ ಈಗಲೇ ದುಡ್ಡು ಕೊಡಬೇಡಿ. ನಾನು ಗೋಣಿಕೊಪ್ಪದಲ್ಲಿ ಗ್ಯಾರೇಜ್ ಇಟ್ಟಿದ್ದವನು, ಈಗ ಮಗ ನಡೆಸ್ತಾನೆ, ನಾನು ಪಕ್ಕದಲ್ಲಿ ಕೂತಿರ್ತೀನಿ. ಗಾಡಿ ಕಣ್ಣಲ್ಲಿ ನೋಡದೆ ಇಂಥದ್ದೇ ಅಂತ ಹೇಳೋ ಧೈರ್ಯ ನನಗಿಲ್ಲ. ಆದರೆ ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. ಎಡಗಡೆ ಜಾಸ್ತಿ ಅಂದ್ರಿ. ಕ್ಲಚ್ ಇರೋದು ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ. ಅದು ಸುಟ್ಟರೆ ವಾಸನೆ ಬಾನೆಟ್ ಕೆಳಗಿಂದ ಒಟ್ಟಿಗೆ ಏಳುತ್ತೆ, ಒಂದು ಚಕ್ರದ ಪಕ್ಕ ನಿಂತಾಗ ಜಾಸ್ತಿ, ಇನ್ನೊಂದರ ಪಕ್ಕ ಕಮ್ಮಿ ಅನ್ನೋ ಹಾಗೆ ಬರೋದು ಅಪರೂಪ. ಸಾಲದ್ದಕ್ಕೆ ಸುಳ್ಯದಿಂದ ಆಚೆ ಸಮ ರಸ್ತೆಯಲ್ಲೂ ಬಂತು ಅಂದ್ರಿ. ನಾಲ್ಕನೇ ಗೇರಲ್ಲಿ ಸುಮ್ಮನೆ ಹೋಗ್ತಿರುವಾಗ ಕ್ಲಚ್ ಸುಡಬೇಕು ಅಂದರೆ ಅದು ಅಷ್ಟು ಜಾರ್ತಿರಬೇಕು. ಹಾಗೆ ಜಾರೋ ಕ್ಲಚ್ಚಲ್ಲಿ ನೀವು ಕೊಯನಾಡಿಂದ ಮಡಿಕೇರಿಗೆ ಹತ್ತಿಸಿಕೊಂಡು ಬರ್ತಾನೇ ಇರಲಿಲ್ಲ.

ಆದರೂ ಪರೀಕ್ಷೆ ಮಾಡಿಬಿಡಿ, ಅನುಮಾನ ಉಳಿಯಬಾರದು. ಸಮ ಜಾಗದಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಕಾಲಿನ ಬ್ರೇಕನ್ನೂ ಒತ್ತಿಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಪ್ಲೇಟ್ ಹಿಡೀತಾ ಇದೆ. ಎಂಜಿನ್ ಓಡ್ತಾನೇ ಇದ್ದರೆ ಪ್ಲೇಟ್ ಜಾರ್ತಾ ಇದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಚೆನ್ನಾಗಿರೋ ಪ್ಲೇಟೂ ಬಿಸಿಯಾಗುತ್ತೆ. ಇನ್ನೊಂದು ಪರೀಕ್ಷೆ ರಸ್ತೆಯಲ್ಲಿ: ಏರಲ್ಲಿ ಮೂರನೇ ಗೇರಲ್ಲಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮಾತ್ರ ಏರಿ ಸ್ಪೀಡ್ ಏರದೆ ಹೋದರೆ ಕ್ಲಚ್ ಮುಗೀತು ಅಂತ ಅರ್ಥ. ಇವೆರಡೂ ಮಾಡದೆ ಕ್ಲಚ್ ಸೆಟ್ ಹೇಳೋದು ಸರಿಯಲ್ಲ. ಗೇರ್‌ಬಾಕ್ಸ್ ಇಳಿಸೋದು ಸಣ್ಣ ಕೆಲಸ ಅಲ್ಲ, ಇಳಿಸಿದ ಮೇಲೆ ಪ್ಲೇಟ್ ಚೆನ್ನಾಗಿದ್ದರೂ ಕೂಲಿ ಕೂಲಿಯೇ.

ನನ್ನ ಅನುಮಾನ ಬ್ರೇಕ್ ಮೇಲೆ. ಇಳಿದಾಗ ಬಿಸಿಯಾದದ್ದಲ್ಲ, ಹಿಡಿದುಕೊಂಡೇ ಇರೋ ಬ್ರೇಕ್. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತಿತ್ತು ಅಂದ್ರಲ್ಲ, ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲೇ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ, ಇನ್ನು ಕಬ್ಬಿಣದ ಪಾಡೇನು. ಓಡೋ ಗಾಡಿಯಲ್ಲಿ ಬ್ರೇಕ್ ಬಿಸಿಯಾಗಿ ತೇವ ಒಣಗುತ್ತೆ, ನಿಂತ ಗಾಡಿಯಲ್ಲಿ ತುಕ್ಕು ಕೂತ್ಕೊಳ್ಳುತ್ತೆ. ಹಿಂದಿನ ಡ್ರಮ್ಮಲ್ಲಿ ಲೈನರ್ ಅಂಟಿರಬಹುದು, ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸ್ ಬರದೆ ಇರಬಹುದು, ಮುಂದೆ ಡಿಸ್ಕನ್ನ ಹಿಡಿಯೋ ಕ್ಯಾಲಿಪರ್ ಜಾರೋ ಪಿನ್ ಜಾಮ್ ಆಗಿರಬಹುದು. ಮೂರರಲ್ಲಿ ಯಾವುದು ಅಂತ ಹುಡುಕೋಕೆ ಪಾನ ಬೇಕಾಗಿಲ್ಲ.

ಒಂದು ಐದಾರು ಕಿ.ಮೀ. ಹೋಗಿ, ಬ್ರೇಕ್ ಆದಷ್ಟೂ ಮುಟ್ಟದೆ. ನಿಲ್ಲಿಸುವಾಗ ಸಣ್ಣ ಏರು ಇರೋ ಕಡೆ ಗೇರಲ್ಲೇ ತಾನಾಗಿ ನಿಲ್ಲೋಕೆ ಬಿಡಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಬೆನ್ನು ಹಿಡೀರಿ, ಅಂಗೈ ಅಲ್ಲ. ಮುಟ್ಟಬೇಡಿ. ಹಿಡಿದುಕೊಂಡಿರೋ ಡಿಸ್ಕ್ 200 ಡಿಗ್ರಿ ಮೇಲೆ ಹೋಗಿರುತ್ತೆ, ಬೆರಳಿನ ಚರ್ಮ ಅಲ್ಲೇ ಉಳಿಯುತ್ತೆ. ಎಡ ಬಲ ಹೋಲಿಸಬೇಕಾದದ್ದು ಮುಖ್ಯ. ಮುಂದಿನ ಎರಡೂ ಒಂದೇ ಸಮ ಬೆಚ್ಚಗಿದ್ದರೆ ತೊಂದರೆ ಇಲ್ಲ, ಎಡಗಡೆಯದ್ದು ಮಾತ್ರ ಕಾವು ಹೊಡೆದರೆ ಕಳ್ಳ ಸಿಕ್ಕ ಹಾಗೆ. ಬರೀ ಕೈಗೆ ಗೊತ್ತಾಗದಿದ್ದರೆ ರಿಮ್ ಮೇಲೆ ನಾಲ್ಕು ಹನಿ ನೀರು ಸಿಂಪಡಿಸಿ ನೋಡಿ, ಆದರೆ ಡಿಸ್ಕ್ ಮೇಲೆ ಖಂಡಿತ ನೀರು ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ. ಘಾಟಿಯಲ್ಲಿ ವಾಸನೆ ಬಂತು ಅಂತ ಬಕೆಟ್ ನೀರು ಸುರಿಯೋದನ್ನ ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ.

ಸ್ಟೀರಿಂಗ್ ಸಡಿಲ ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತಾ? ಮೈಲೇಜ್ ಇಳಿದಿದೆಯಾ? ಸ್ವಲ್ಪ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಬ್ರೇಕ್ ಬಿಟ್ಟಾಗ ಮೊದಲಿನ ಹಾಗೆ ತಾನಾಗಿ ಉರುಳುತ್ತಾ? ಎಡಗಡೆಯ ಅಲಾಯ್ ಅಥವಾ ವೀಲ್ ಕ್ಯಾಪ್ ಮೇಲೆ ಕಪ್ಪು ಪುಡಿ ಜಾಸ್ತಿ ಇದೆಯಾ? ಇಷ್ಟು ನೋಡಿ ಬರೆಯಿರಿ.

ಅಲ್ಲಿಯವರೆಗೆ ಘಾಟಿ ಇಳಿಯಬೇಡಿ. ಯಾಕೆ ಅಂತ ಹೇಳ್ತೀನಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಒಂದು ಟನ್ ತೂಕದ ಗಾಡಿ ಸಾವಿರ ಮೀಟರ್ ಕೆಳಗಿಳಿದರೆ ಬಿಡುಗಡೆಯಾಗೋ ಶಕ್ತಿ ಲೆಕ್ಕಕ್ಕೆ 98 ಲಕ್ಷ ಜೂಲ್, ಅಂದರೆ 2.7 ಯೂನಿಟ್ ಕರೆಂಟ್. ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಬಿಡದೆ ಕಾಯುವಷ್ಟು ಶಾಖ ಅದು. ಗೇರಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನ ಎಂಜಿನ್ ತಿನ್ನುತ್ತೆ, ಗಾಳಿಯೂ ಸ್ವಲ್ಪ ತಿನ್ನುತ್ತೆ. ಉಳಿದದ್ದು ಬ್ರೇಕಿಗೆ. ಅದರಲ್ಲಿ ಒಂದು ಚಕ್ರ ಮೊದಲೇ ಕಾದು ಕೂತಿದ್ದರೆ ಅಲ್ಲಿನ ಬ್ರೇಕ್ ಆಯಿಲ್ ಕುದಿಯೋಕೆ ಹೊತ್ತು ಬೇಕಾಗಿಲ್ಲ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ತಡೀಬೇಕು ಅಂತ ನಿಯಮ. ಅದೇ ಆಯಿಲ್ ನೀರು ಕುಡಿದ ಮೇಲೆ ಆ ಮಿತಿ 140. ಡಾಟ್ 4 ಆದರೆ 230 ಮತ್ತು 155. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ನಮ್ಮೂರಲ್ಲಿ ಗಾಳಿಯಲ್ಲಿ ತೇವಕ್ಕೇನು ಬರ. ಕುದ್ದರೆ ಆವಿ, ಆವಿಯನ್ನ ಒತ್ತಿದರೆ ಕುಗ್ಗುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ. ಅಮ್ಮನನ್ನ ಕೂರಿಸ್ಕೊಂಡು ಹೋಗ್ತೀರಿ, ಅದಕ್ಕೇ ಇಷ್ಟು ಉದ್ದ ಬರೆದೆ.


ವೈರಿಂಗ್, ಕುಶಾಲನಗರ:

ಪಾನ ಅಣ್ಣ ಹೇಳಿದ್ದು ಸರಿ, ಚಕ್ರ ಮೊದಲು ನೋಡಿ. ಆದರೆ ಹೊರಗಡೆ ಹಾಕಿಸಿದ ಫಾಗ್ ಲ್ಯಾಂಪ್ ಅಂದಾಗ ನಾನು ಸುಮ್ಮನಿರೋಕೆ ಆಗಲ್ಲ, ನನ್ನ ಕೆಲಸವೇ ಅದು.

ವಾಸನೆ ಯಾವ ಥರ ಅಂತ ಒಂದು ಸಲ ನೆನಪು ಮಾಡ್ಕೊಳ್ಳಿ ಮೇಡಂ. ಬ್ರೇಕ್, ಕ್ಲಚ್ ಎರಡರದ್ದೂ ಒಣ ಘಾಟು, ಗಂಟಲು ಹಿಡಿಯುತ್ತೆ. ಎಂಜಿನ್ ಆಯಿಲ್ ಸೈಲೆನ್ಸರ್ ಮೇಲೆ ತೊಟ್ಟಿಕ್ಕಿದರೆ ಕಮಟು, ಗಾಡಿ ನಿಲ್ಲಿಸಿದ ಮೇಲೆ ಜಾಸ್ತಿಯಾಗುತ್ತೆ, ಹೆಚ್ಚಾಗಿ ಟ್ಯಾಪೆಟ್ ಕವರ್ ಪ್ಯಾಕಿಂಗಿಂದ. ಕೂಲಂಟ್ ಸೋರಿದರೆ ಸಿಹಿ ಪಾಕದ ವಾಸನೆ. ವೈರ್ ಸುಟ್ಟರೆ ಪ್ಲಾಸ್ಟಿಕ್, ಕಣ್ಣು ಉರಿಯುತ್ತೆ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಆಫ್ ಮಾಡಿ ಎಲ್ಲರೂ ಇಳಿದು ದೂರ ಹೋಗಿ.

ಒಳಗಿನದಾ ಹೊರಗಿನದಾ ಅಂತ ತಿಳಿಯೋಕೆ ಸುಲಭ ದಾರಿ ಇದೆ. ಹೊರಗಿನ ಗಾಳಿ ಒಳಗೆ ಬರೋದು ಮುಂದಿನ ಗಾಜಿನ ಬುಡದಲ್ಲಿರೋ ಜಾಲರಿಯಿಂದ. ಎಸಿಯ ಗುಂಡಿಯಲ್ಲಿ ಒಳಗಿನ ಗಾಳಿಯೇ ಸುತ್ತೋ ಹಾಗೆ ಮಾಡಿ. ವಾಸನೆ ಕಮ್ಮಿಯಾದರೆ ಅದು ಬಾನೆಟ್ ಕೆಳಗಿನದ್ದು ಅಥವಾ ಚಕ್ರದ್ದು. ಹಾಗೇ ಉಳಿದರೆ ಡ್ಯಾಶ್‌ಬೋರ್ಡ್ ಒಳಗೆ ಏನೋ ಬಿಸಿಯಾಗ್ತಾ ಇದೆ.

ಈಗ ನಿಮ್ಮ ಲ್ಯಾಂಪ್. ಅದರ ಬಲ್ಬ್ ಎಷ್ಟು ವ್ಯಾಟ್, ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಹಾಯಿಸೋ ಸ್ವಿಚ್) ಹಾಕಿದ್ದಾರಾ, ಫ್ಯೂಸ್ ಎಲ್ಲಿದೆ, ಈ ಮೂರು ನೋಡಿ. 55 ವ್ಯಾಟ್‌ನ ಎರಡು ಬಲ್ಬ್ ಅಂದರೆ 110 ವ್ಯಾಟ್, 12 ವೋಲ್ಟಿಗೆ 9 ಆಂಪಿಯರ್. ಬೆಳಕು ಜಾಸ್ತಿ ಬರಲಿ ಅಂತ 100 ವ್ಯಾಟಿನದ್ದು ಹಾಕಿದ್ದರೆ ಸುಮಾರು 17 ಆಂಪಿಯರ್. ಡ್ಯಾಶ್‌ಬೋರ್ಡಲ್ಲಿ ಹಾಕೋ ಆ ಪುಟ್ಟ ಸ್ವಿಚ್ಚು, ಅದರ ಹಿಂದಿನ ಸಪೂರ ವೈರು ಅಷ್ಟು ತಡೆಯಲ್ಲ. ರಿಲೇ ಇದ್ದರೆ ಸ್ವಿಚ್ಚಲ್ಲಿ ಹರಿಯೋದು ಕಾಲು ಆಂಪಿಯರ್‌ಗಿಂತ ಕಮ್ಮಿ, ಭಾರ ಎಲ್ಲ ರಿಲೇ ಮೇಲೆ. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತೆ: ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರೋ ದಪ್ಪ ವೈರ್ 30ಕ್ಕೆ, ಲ್ಯಾಂಪಿಗೆ ಹೋಗೋದು 87ರಿಂದ, ಸ್ವಿಚ್ಚೂ ಅರ್ತೂ 85, 86ಕ್ಕೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಲ್ಯಾಂಪಿನ ಹತ್ತಿರ ಇದ್ದು ಪ್ರಯೋಜನ ಇಲ್ಲ, ನಡುವೆ ವೈರ್ ಎಲ್ಲಿ ಉಜ್ಜಿ ಬಾಡಿಗೆ ತಾಗಿದರೂ ಬೆಂಕಿ ಹಿಡಿಯೋದು ಫ್ಯೂಸಿಗೆ ಮುಂಚಿನ ಭಾಗವೇ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ 10 ಆಂಪಿಯರ್‌ನ ಜಾಗಕ್ಕೆ 30ರದ್ದು ಹಾಕೋರು ಇದ್ದಾರೆ. ಆಗ ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ.

ಲ್ಯಾಂಪ್ ಹಾಕಿ ಹತ್ತು ನಿಮಿಷ ಬಿಟ್ಟು ಸ್ವಿಚ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ರಿಲೇ ಇಲ್ಲ ಅಂತಲೇ ಇಟ್ಕೊಳ್ಳಿ.

ಇನ್ನೂ ಒಂದು. ತೋಟದ ಶೆಡ್ಡಲ್ಲಿ ಮಳೆಗಾಲ ಪೂರ್ತಿ ನಿಂತ ಗಾಡಿ ಅಂದರೆ ಇಲಿ ಗೂಡು ಕಟ್ಟಿರೋ ಸಾಧ್ಯತೆ ಇದ್ದೇ ಇದೆ. ಬಾನೆಟ್ ತೆಗೆದು ಬ್ಯಾಟರಿ ಹಿಂದೆ, ಎಂಜಿನ್‌ನಿಂದ ಬಿಸಿ ಹೊಗೆ ಹೊರಬರೋ ಸೈಲೆನ್ಸರ್ ಮ್ಯಾನಿಫೋಲ್ಡ್ ಸುತ್ತ ಟಾರ್ಚ್ ಬಿಟ್ಟು ನೋಡಿ. ಸಿಲ್ವರ್ ಓಕ್ ಎಲೆ, ತೆಂಗಿನ ನಾರು, ಗೋಣಿಚೀಲದ ಚೂರು ಸಿಕ್ಕರೆ ಎಲ್ಲ ತೆಗೀರಿ. ಅದು ಮ್ಯಾನಿಫೋಲ್ಡಿಗೆ ತಾಗಿದರೆ ಬರೀ ವಾಸನೆಗೆ ನಿಲ್ಲಲ್ಲ.


ಕಾಫಿಹೂ, ಮೂರ್ನಾಡು:

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ್ದನ್ನೆಲ್ಲ ಇವತ್ತು ಬೆಳಿಗ್ಗೆ ಮಾಡಿದೆ.

ಕ್ಲಚ್ ಪರೀಕ್ಷೆ: ಮೂರನೇ ಗೇರಲ್ಲಿ ಬಿಟ್ಟ ತಕ್ಷಣ ಎಂಜಿನ್ ಒಂದು ಸಲ ನಡುಗಿ ಆಫ್ ಆಯ್ತು.

ಚಕ್ರ: ಮೂರ್ನಾಡಿಂದ ನಾಪೋಕ್ಲು ರಸ್ತೆಯಲ್ಲಿ ಹೋಗಿ ಒಂದು ಏರಲ್ಲಿ ತಾನಾಗಿ ನಿಲ್ಲೋಕೆ ಬಿಟ್ಟೆ. ಹಿಂದಿನ ಎರಡೂ ತಣ್ಣಗೆ. ಮುಂದೆ ಬಲಗಡೆ ಸ್ವಲ್ಪ ಬೆಚ್ಚಗೆ. ಮುಂದೆ ಎಡಗಡೆ ಒಂದು ಗೇಣು ದೂರದಲ್ಲಿ ಕೈ ಹಿಡಿದರೂ ಕಾವು ಬಡೀತಿತ್ತು, ರಿಮ್ ಮೇಲೆ ಬಿದ್ದ ಹನಿ ಚುಯ್ ಅಂದು ಆರಿತು. ಅದೇ ವಾಸನೆ, ಅಲ್ಲೇ. ಆ ಚಕ್ರದ ವೀಲ್ ಕ್ಯಾಪ್ ಒಳಗೆ ಕಪ್ಪು ಪುಡಿ ಬಲಗಡೆಗಿಂತ ತುಂಬಾ ಜಾಸ್ತಿ. ಸ್ಟೀರಿಂಗ್ ಎಡಕ್ಕೆ ಎಳೆಯೋದೂ ಹೌದು, ರಸ್ತೆ ಓರೆ ಇರೋದ್ರಿಂದ ಅಂತ ನಾನು ಅಂದ್ಕೊಂಡಿದ್ದೆ.

ಲ್ಯಾಂಪ್: 100 ವ್ಯಾಟ್ ಬಲ್ಬು. ಹಾಕಿಟ್ಟ ಸ್ವಲ್ಪ ಹೊತ್ತಿಗೆ ಸ್ವಿಚ್ ಮುಟ್ಟೋಕಾಗದಷ್ಟು ಬಿಸಿ. ತಕ್ಷಣ ಆಫ್ ಮಾಡಿದೆ. ಇಲಿ ಗೂಡು ಇರಲಿಲ್ಲ, ಆದರೆ ಗಾಜಿನ ಬುಡದ ಜಾಲರಿಯಲ್ಲಿ ಒಂದು ಬುಟ್ಟಿ ಸಿಲ್ವರ್ ಓಕ್ ಎಲೆ ಸಿಕ್ತು.

ಪಾನ ಅಣ್ಣ, ಈಗ ಗ್ಯಾರೇಜಿಗೆ ಹೋಗಿ ಏನಂತ ಹೇಳಲಿ? ಹೋದರೆ ಮತ್ತೆ ಏನಾದರೊಂದು ದೊಡ್ಡದು ಹೇಳ್ತಾರೆ ಅಂತ ಭಯ.


ಹಳೇ ಪಾನ, ಗೋಣಿಕೊಪ್ಪ:

ಭಯ ಬೇಡ ತಂಗಿ. ನಿಮಗೆ ಯಾವ ಚಕ್ರ ಅಂತ ಗೊತ್ತಾಗಿದೆ, ಅರ್ಧ ಕೆಲಸ ಮುಗೀತು. "ಮುಂದೆ ಎಡಗಡೆ ಬ್ರೇಕ್ ಹಿಡ್ಕೊಳ್ತಾ ಇದೆ, ಚಕ್ರ ಬಿಚ್ಚಿ ಕ್ಯಾಲಿಪರ್ ನೋಡಿ" ಅಂತ ಹೇಳಿ, ಪಕ್ಕದಲ್ಲೇ ನಿಂತ್ಕೊಳ್ಳಿ. ಒಳ್ಳೆ ಮೆಕ್ಯಾನಿಕ್‌ಗೆ ಗಿರಾಕಿ ಪಕ್ಕ ನಿಂತರೆ ಬೇಜಾರಾಗಲ್ಲ.

ಜಾಕಿ ಏರಿಸಿ, ನ್ಯೂಟ್ರಲ್ ಮಾಡಿ, ಚಕ್ರ ಕೈಯಲ್ಲಿ ತಿರುಗಿಸಲಿ. ಬಿಗಿ ಇದ್ದೇ ಇರುತ್ತೆ. ಆಗ ಕ್ಯಾಲಿಪರ್ ಮೇಲಿನ, ಆಯಿಲ್ ಹೊರಗೆ ಬಿಡೋ ಬ್ಲೀಡ್ ನಿಪ್ಪಲನ್ನ ಸ್ವಲ್ಪ ಸಡಿಲ ಮಾಡಿಸಿ. ಇದನ್ನ ಬಹಳ ಜನ ಮಾಡಲ್ಲ, ಆದರೆ ಇದರಲ್ಲೇ ಇರೋದು ಗುಟ್ಟು. ನಿಪ್ಪಲ್ ಬಿಟ್ಟಾಗ ಆಯಿಲ್ ಚಿಮ್ಮಿ ಚಕ್ರ ಸಡಿಲ ಆದರೆ, ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿದೆ ಅಂತ. ಆಗ ಬ್ರೇಕ್ ಹೋಸ್ ನೋಡಬೇಕು, ಹಳೇ ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲನ್ನ ಹೋಗೋಕೆ ಬಿಟ್ಟು ವಾಪಸ್ ಬರೋಕೆ ಬಿಡಲ್ಲ. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯಾಗೇ ಇದ್ದರೆ ಹೋಸ್ ತಪ್ಪಲ್ಲ, ಪಿನ್ ಅಥವಾ ಪ್ಯಾಡನ್ನ ಒತ್ತೋ ಪಿಸ್ಟನ್ ಜಾಮ್.

ಕ್ಯಾಲಿಪರ್ ಬಿಚ್ಚಿದಾಗ ಡಿಸ್ಕನ್ನ ಒಳಗಿಂದ ಹೊರಗಿಂದ ಒತ್ತೋ ಎರಡೂ ಪ್ಯಾಡ್ ಕೈಗೆ ತಗೊಂಡು ನೋಡಿ. ಕ್ಯಾಲಿಪರ್ ಎರಡು ಪಿನ್ ಮೇಲೆ ಆಚೆ ಈಚೆ ಜಾರಬೇಕು. ಪಿನ್ ಹಿಡ್ಕೊಂಡರೆ ಪಿಸ್ಟನ್ ಕಡೆಯ ಒಳಗಿನ ಪ್ಯಾಡೊಂದೇ ತೇಯುತ್ತೆ, ಹೊರಗಿನದ್ದು ಹಾಗೇ ಇರುತ್ತೆ. ಒಳಗಿಂದು ಸಪೂರ, ಹೊರಗಿಂದು ದಪ್ಪ ಇದ್ದರೆ ಹೆಚ್ಚಾಗಿ ಪಿನ್ನೇ ಅಂತ ಇಟ್ಕೊಳ್ಳಬಹುದು.

ಇನ್ನೊಂದು ಮಾತು, ದಯವಿಟ್ಟು ನೆನಪಿಟ್ಕೊಳ್ಳಿ. ಪಿನ್ ತೆಗೆದು ಎಮರಿ ಪೇಪರಲ್ಲಿ ಉಜ್ಜಿ, ಡಬ್ಬಿಯಲ್ಲಿರೋ ಮಾಮೂಲಿ ಚಾಸಿ ಗ್ರೀಸ್ ಹಚ್ಚಿ ಕೂರಿಸ್ತಾರೆ. ಬೇಡ ಅನ್ನಿ. ಆ ಗ್ರೀಸಿಗೆ ಪಿನ್ನಿನ ರಬ್ಬರ್ ಬೂಟ್ ಊದಿಕೊಳ್ಳುತ್ತೆ, ಬಿಸಿಗೆ ಗ್ರೀಸೂ ಗಟ್ಟಿಯಾಗುತ್ತೆ, ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕತೆ. ಬ್ರೇಕಿಗೇ ಅಂತ ಬರೋ ಸಿಲಿಕೋನ್ ಗ್ರೀಸ್ ಸಣ್ಣ ಪ್ಯಾಕೆಟಲ್ಲಿ ಸಿಗುತ್ತೆ, ಬೆಲೆ ಏನೂ ದೊಡ್ಡದಲ್ಲ. ಬೂಟ್ ಹರಿದಿದ್ದರೆ ಕಿಟ್ ಹೊಸದು ಹಾಕಿಸಿ, ಹರಿದ ಬೂಟಲ್ಲಿ ನೀರು ಹೋಗಿದ್ದೇ ತುಕ್ಕಿಗೆ ಕಾರಣ. ಪ್ಯಾಡ್ ಎಡಕ್ಕೆ ಮಾತ್ರ ಹಾಕಬಾರದು, ಎಡ ಬಲ ಜೋಡಿಯಾಗೇ ಬದಲಾಗಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತೆ. ಬಲಗಡೆ ಪಿನ್ನನ್ನೂ ತೆಗೆದು ಗ್ರೀಸ್ ಮಾಡಿಸಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ ಏರ್ ತೆಗೆಸಿ. ಬಣ್ಣ ಟೀ ಥರ ಆಗಿದ್ದರೆ ವರ್ಷ ಕೇಳೋದೂ ಬೇಡ.

ಡಿಸ್ಕ್ ಮೇಲೆ ನೀಲಿ ಕಲೆ ಇದ್ದರೆ ಅತಿಯಾಗಿ ಕಾದಿದೆ ಅಂತ. ಬ್ರೇಕ್ ಒತ್ತಿದಾಗ ಪೆಡಲ್ ನಡುಗದಿದ್ದರೆ, ಡಿಸ್ಕಿನ ದಪ್ಪ ಅದರ ಮೇಲೆ ಕೆತ್ತಿರೋ ಕನಿಷ್ಠ ಅಳತೆಗಿಂತ ಜಾಸ್ತಿ ಇದ್ದರೆ, ಸದ್ಯಕ್ಕೆ ಅದೇ ಸಾಕು.


ಬಿಳಿ ಜೀಪು, ಸೋಮವಾರಪೇಟೆ:

ಇದೇ ಜಾಗದಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ನನ್ನದು 2021ರ ಡೀಸೆಲ್. ಪೇಟೆ ಒಳಗೆ ಮಾತ್ರ ಓಡಿಸ್ತೀನಿ. ಆಗಾಗ ಮನೆಗೆ ಬಂದು ನಿಲ್ಲಿಸಿದಾಗ ಕೆಳಗಿಂದ ಬಿಸಿ ಕಬ್ಬಿಣದ ವಾಸನೆ, ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ಓಡುತ್ತೆ. ನನ್ನದೂ ಬ್ರೇಕಾ?


ಹಳೇ ಪಾನ, ಗೋಣಿಕೊಪ್ಪ:

ಅಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗೆಯ ನಿಯಮ) ಡೀಸೆಲ್ ಕಾರುಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಮಸಿ ತುಂಬಿದಾಗ ಗಾಡಿ ತಾನೇ ಅದನ್ನ ಸುಮಾರು 600 ಡಿಗ್ರಿಗೆ ಕಾಯಿಸಿ ಸುಡುತ್ತೆ. ನೀವು ನಡುವೆ ಆಫ್ ಮಾಡ್ತಿದ್ದೀರಿ, ಅದಕ್ಕೇ ವಾಸನೆ, ಫ್ಯಾನು. ಆಗಾಗ ಕುಶಾಲನಗರದ ಕಡೆ ಉದ್ದ ರಸ್ತೆಯಲ್ಲಿ ಬಿಡದೆ ಅರ್ಧ ಗಂಟೆ ಓಡಿಸಿ ಬನ್ನಿ. ಮುಖ್ಯವಾಗಿ, ಬೇಸಿಗೆಯಲ್ಲಿ ಒಣ ಹುಲ್ಲು, ತರಗೆಲೆ ಮೇಲೆ ಆ ಗಾಡಿ ನಿಲ್ಲಿಸಬೇಡಿ. ತೋಟದೊಳಗೆ ತಗೊಂಡು ಹೋದರೆ ನೆಲ ಗುಡಿಸಿರೋ ಕಡೆ, ಕಾಫಿ ಕಣದ ಸಿಮೆಂಟ್ ಮೇಲೆ ನಿಲ್ಲಿಸಿ.


ಕಾಫಿಹೂ, ಮೂರ್ನಾಡು:

ಕೆಲಸ ಆಯ್ತು. ಬೇರೆ ಗ್ಯಾರೇಜಿಗೆ ಹೋದೆ, ಚಿಕ್ಕದು, ಅಪ್ಪ ಮಗ ಇಬ್ಬರೇ. ಪಕ್ಕದಲ್ಲಿ ನಿಂತು ನೋಡಿದೆ, ಅವರೇ ಕರೆದು ತೋರಿಸಿದ್ರು.

ನಿಪ್ಪಲ್ ಸಡಿಲ ಮಾಡಿದರೂ ಚಕ್ರ ಬಿಗಿಯೇ ಇತ್ತು. ಕ್ಯಾಲಿಪರ್ ಬಿಚ್ಚಿದಾಗ ಮೇಲಿನ ಪಿನ್ ಬೆರಳಲ್ಲಿ ಎಳೆದರೆ ಬಂತು. ಕೆಳಗಿನದ್ದು ಬರಲೇ ಇಲ್ಲ. ಹುಡುಗ ಅದನ್ನ ಪಾನದಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಹೊರಗೆ ತೆಗೆದ. ಅದರ ರಬ್ಬರ್ ಬೂಟ್ ಬುಡದಲ್ಲಿ ಸೀಳಿತ್ತು, ಒಳಗೆ ಗ್ರೀಸ್ ಅನ್ನೋದೇ ಇಲ್ಲ, ಪಿನ್ ಮೇಲೆ ಕೆಂಪು ತುಕ್ಕು ಹೊಪ್ಪಳೆಯಾಗಿ ಏಳ್ತಿತ್ತು. ಪ್ಯಾಡ್ ನೀವು ಹೇಳಿದ ಹಾಗೇ. ಹೊರಗಿನದ್ದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಒಳಗಿನದ್ದು ಕಬ್ಬಿಣ ತಾಗೋಕೆ ಒಂದು ಕೂದಲೆಳೆ. ಅಂಚು ಸುಟ್ಟು ಬೂದು ಬಣ್ಣ ಆಗಿ, ಉಗುರಲ್ಲಿ ಕೆರೆದರೆ ಪುಡಿ ಉದುರ್ತಿತ್ತು. ಅದನ್ನ ಮೂಗಿನ ಹತ್ತಿರ ಹಿಡಿದೆ. ಘಾಟಿಯಲ್ಲಿ ಬಂದ ವಾಸನೆ ಅದೇ.

ಪಿನ್ ಕಿಟ್, ಎರಡೂ ಕಡೆ ಪ್ಯಾಡ್, ಬ್ರೇಕ್ ಆಯಿಲ್, ಸಿಲಿಕೋನ್ ಗ್ರೀಸ್, ಕೂಲಿ ಎಲ್ಲ ಸೇರಿ 3,650 ರೂಪಾಯಿ. ಗ್ರೀಸ್ ಅವರ ಹತ್ತಿರವೇ ಇತ್ತು, ಕೇಳೋಕೆ ಮುಂಚೆಯೇ ಅದನ್ನೇ ತೆಗೆದ್ರು. ಡಿಸ್ಕ್ ಅಳತೆ ತೆಗೆದು ಇನ್ನೂ ಓಡುತ್ತೆ ಅಂದ್ರು. ಲ್ಯಾಂಪಿಗೆ ರಿಲೇ, ಬ್ಯಾಟರಿ ಪಕ್ಕ 15ರ ಫ್ಯೂಸ್, ಬಲ್ಬ್ 55 ವ್ಯಾಟ್‌ಗೆ ಇಳಿಸಿದ್ದು. ಈಗ ಸ್ವಿಚ್ ತಣ್ಣಗಿರುತ್ತೆ.

ಬರುವಾಗ ಅದೇ ನಾಪೋಕ್ಲು ರಸ್ತೆಯಲ್ಲಿ ಪರೀಕ್ಷೆ ಮಾಡಿದೆ. ಎಡ ಬಲ ಎರಡೂ ಒಂದೇ ಸಮ. ಸ್ಟೀರಿಂಗ್ ನೆಟ್ಟಗೆ ಹೋಗುತ್ತೆ, ರಸ್ತೆ ಓರೆ ಅಲ್ಲವೇ ಅಲ್ಲ.

ಮುಂದಿನ ವಾರ ಅಮ್ಮನಿಗೆ ಮಂಗಳೂರಲ್ಲಿ ತೋರಿಸಬೇಕು. ಹೊಸ ಪ್ಯಾಡಲ್ಲಿ ಘಾಟಿ ಇಳಿಯಬಹುದಾ? ಮತ್ತೆ ಮುಂದಿನ ಮಳೆಗಾಲಕ್ಕೆ ಏನು ಮಾಡಲಿ?


ಮಾಂದಲ್‌ಪಟ್ಟಿ ಜೀಪ್:

ಅಕ್ಕ, ಬಹಳ ಸಂತೋಷ. ನೀವು ಹೇಗೂ ಎರಡನೇ ಗೇರಲ್ಲೇ ಇಳಿಯೋರು, ಚಿಂತೆ ಇಲ್ಲ. ಓದೋ ಬೇರೆಯವರಿಗೆ ಒಂದು ಮಾತು: ನ್ಯೂಟ್ರಲ್ಲಲ್ಲಿ ಪೆಟ್ರೋಲ್ ಉಳಿಯಲ್ಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಪೂರ್ತಿ ಬಂದ್ ಆಗುತ್ತೆ, ನ್ಯೂಟ್ರಲ್ ಹಾಕಿದರೆ ಎಂಜಿನ್ ಓಡೋಕೆ ಪೆಟ್ರೋಲ್ ಕುಡಿಯುತ್ತೆ. ಕೀ ಆಫ್ ಮಾಡಿ ಇಳಿಯೋದಂತೂ ಬೇಡವೇ ಬೇಡ, ಎರಡು ಮೂರು ಸಲ ಬ್ರೇಕ್ ಒತ್ತೋಷ್ಟರಲ್ಲಿ ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತೆ.


ಹಳೇ ಪಾನ, ಗೋಣಿಕೊಪ್ಪ:

ಇಳಿಯಬಹುದು ತಂಗಿ, ಆದರೆ ಅದಕ್ಕೆ ಮುಂಚೆ ಊರಲ್ಲೇ ಓಡಾಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳೋಕೆ ಒಂದು ಇನ್ನೂರು ಕಿ.ಮೀ. ಬೇಕು. ಅಷ್ಟರಲ್ಲಿ ಜೋರಾಗಿ ಒತ್ತಿ ಹಿಡಿಯೋ ಬ್ರೇಕ್ ಬೇಡ. ಮೊದಮೊದಲು ಹೊಸ ಪ್ಯಾಡಿನದ್ದೇ ಸಣ್ಣ ವಾಸನೆ ಬರಬಹುದು, ಅದು ಎರಡೂ ಕಡೆ ಒಂದೇ ಥರ ಇದ್ದು ತಾನಾಗಿ ಹೋಗುತ್ತೆ. ಒಂದೇ ಕಡೆ ಬಂದರೆ ನನಗೆ ಬರೆಯಿರಿ. ಸಂಪಾಜೆಯಲ್ಲಿ ಹೇಗೂ ಟೀಗೆ ನಿಲ್ಲಿಸ್ತೀರಿ, ಒಂದು ಸಲ ಕೈ ಬೆನ್ನು ಹಿಡಿದು ನೋಡಿ. ನಿಲ್ಲಿಸುವಾಗ ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆಯೋ ಬದಲು ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮಳೆಗಾಲದ್ದು: ಶೆಡ್ಡಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಮೊದಲನೇ ಗೇರು, ಮುಂದೆ ಹಿಂದೆ ಮರದ ತುಂಡು. ವಾರಕ್ಕೊಮ್ಮೆ ಮಳೆ ಬಿಟ್ಟಾಗ ತೆಗೆದು ಮೂರ್ನಾಡು ಪೇಟೆಯವರೆಗೆ ಹೋಗಿ ನಾಲ್ಕು ಸಲ ಬ್ರೇಕ್ ಹಾಕಿ ಬನ್ನಿ, ಸುಮ್ಮನೆ ಶೆಡ್ಡಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡೋದ್ರಿಂದ ಬ್ರೇಕಿಗೆ ಏನೂ ಉಪಯೋಗ ಇಲ್ಲ. ಮಳೆ ಮುಗಿದ ಮೇಲೆ ನಾಲ್ಕೂ ಚಕ್ರ ಬಿಚ್ಚಿಸಿ ಪಿನ್ನು, ಡ್ರಮ್ಮು ಕ್ಲೀನ್ ಮಾಡಿಸಿ. ಈ ಸಲ ಹಿಂದಿನ ಡ್ರಮ್ ತೆಗೆಸಿಲ್ಲ ಅಂತ ಕಾಣುತ್ತೆ. ತಣ್ಣಗಿತ್ತು ಅಂದ್ರಿ, ಹಾಗಾಗಿ ಅವಸರ ಇಲ್ಲ, ಆದರೆ ಕಾಫಿ ಕುಯ್ಲು ಶುರುವಾಗೋ ಮೊದಲು ಒಂದು ದಿನ ಮಾಡಿಸಿಬಿಡಿ. ಆಮೇಲೆ ಫೆಬ್ರವರಿವರೆಗೆ ನಿಮಗೆ ಪುರುಸೊತ್ತು ಸಿಗಲ್ಲ.